ಟ್ಯಾಕ್ಸಿಯ ಗಾಳಿಯಲ್ಲಿ ಚಾಲಕರ ಪಾಲು

ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಬೇಕು. ಮಂಗಳವಾರ, ಗುರುವಾರ, ಶನಿವಾರ, ಬೆಳಗಿನ ಆರೂವರೆಯ ಪಾಳಿ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. 2020ರ ಮಾರ್ಚ್ 24ರ ರಾತ್ರಿ ಪ್ರಧಾನಿಯವರು 21 ದಿನಗಳ ಲಾಕ್‌ಡೌನ್ ಘೋಷಿಸಿದಾಗ ಅಮ್ಮ ಮಂಗಳವಾರದ ಸರದಿ ಮುಗಿಸಿಕೊಂಡು ಬಂದು ಮಲಗಿದ್ದಳು, ಟಿ.ವಿ.ಯ ಮುಂದೆ ಕುಳಿತಿದ್ದ ನನಗೆ ಗುರುವಾರ ಬೆಳಿಗ್ಗೆ ನಾಗರಬಾವಿಯಿಂದ ಆಸ್ಪತ್ರೆಗೆ ಹೋಗುವುದು ಹೇಗೆ ಎಂಬುದೊಂದೇ ಚಿಂತೆಯಾಗಿತ್ತು. ನಮ್ಮ ಮನೆಯಲ್ಲಿ ಕಾರಿಲ್ಲ. ಹೋಗುವಾಗ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಬಹುದಿತ್ತೇನೋ, ಆದರೆ ಡಯಾಲಿಸಿಸ್ ಮುಗಿಯುವ ಹೊತ್ತಿಗೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತಿದ್ದವಳನ್ನು ಹಾಗೆ ವಾಪಸ್ಸು ಕರೆತರುವ ಧೈರ್ಯ ನನಗಿರಲಿಲ್ಲ. ಹೀಗಾಗಿ ಆ ವರ್ಷ ಮತ್ತು ಅದರ ಮರುವರ್ಷ, ಬಹಳ ಮಂದಿ ಮನೆಯ ಹೊಸ್ತಿಲನ್ನೇ ದಾಟದೆ ಕಳೆದ ದಿನಗಳಲ್ಲಿ, ನಾವಿಬ್ಬರು ವಾರಕ್ಕೆ ಆರು ಸಲ ಬೇರೊಬ್ಬರ ಕಾರಿನಲ್ಲಿ ಕುಳಿತೆವು. ಬಾಡಿಗೆ ಕಾರಿನ ಸುರಕ್ಷತೆಯ ಬಗ್ಗೆ ಸರ್ಕಾರವೂ ಕಂಪನಿಗಳೂ ಹೊರಡಿಸಿದ ನಿಯಮಗಳನ್ನೆಲ್ಲ ನಾನು ಒಂದೂ ಬಿಡದೆ ಓದಿದ್ದು ಆಗಲೇ. ಅವುಗಳಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ, ಇರಬೇಕಾಗಿದ್ದ ಯಾವ ನಿಯಮ ಇರಲೇ ಇಲ್ಲ ಎಂಬುದನ್ನು ಬರೆದಿಡಬೇಕೆಂದು ಅಂದಿನಿಂದಲೂ ಅಂದುಕೊಳ್ಳುತ್ತಿದ್ದೆ.

ಮೊದಲ ಎಂಟು ವಾರ ನಗರದಲ್ಲಿ ಸಾಮಾನ್ಯ ಟ್ಯಾಕ್ಸಿಗಳು ಓಡಲಿಲ್ಲ. ಮೇ 1ರಂದು ಕೇಂದ್ರ ಗೃಹ ಸಚಿವಾಲಯ ದೇಶವನ್ನು ಕೆಂಪು, ಕಿತ್ತಳೆ, ಹಸಿರು ವಲಯಗಳಾಗಿ ವಿಂಗಡಿಸಿ ಹೊರಡಿಸಿದ ಆದೇಶದಲ್ಲಿಯೂ ಕೆಂಪು ವಲಯದಲ್ಲಿ ಆಟೊ ಮತ್ತು ಟ್ಯಾಕ್ಸಿಗಳಿಗೆ ಅವಕಾಶವಿರಲಿಲ್ಲ. ಬೆಂಗಳೂರು ನಗರ ಕೆಂಪು ವಲಯದಲ್ಲಿತ್ತು. ಆ ವಾರಗಳಲ್ಲಿ ನೆರೆಮನೆಯವರ ಕಾರಿನಲ್ಲಿ ಕೆಲವು ಸಲ, ಕೋವಿಡ್ ಅಲ್ಲದ ರೋಗಿಗಳಿಗಾಗಿ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಓಲಾ ಎಮರ್ಜೆನ್ಸಿಯಲ್ಲಿ ಕೆಲವು ಸಲ, ಆಸ್ಪತ್ರೆಯ ಚೀಟಿಯನ್ನು ಪೊಲೀಸರಿಗೆ ತೋರಿಸುತ್ತ ಹೋಗಿ ಬಂದೆವು. ಮೇ 19ರಿಂದ ರಾಜ್ಯ ಸರ್ಕಾರ ಆಟೊ ಮತ್ತು ಟ್ಯಾಕ್ಸಿಗಳಿಗೆ ಅನುಮತಿ ಕೊಟ್ಟಿತು. ಚಾಲಕರ ಜೊತೆಗೆ ಇಬ್ಬರು ಪ್ರಯಾಣಿಕರು ಮಾತ್ರ. ಮ್ಯಾಕ್ಸಿ ಕ್ಯಾಬ್ ಆದರೆ ಚಾಲಕರ ಜೊತೆಗೆ ಮೂವರು. ಸರ್ಕಾರಿ ಬಸ್ಸಿನಲ್ಲಿ ಮೂವತ್ತು ಜನ. ಆ ಮೇ 19 ಕೂಡ ಮಂಗಳವಾರವೇ ಆಗಿತ್ತು. ಅಂದು ಬೆಳಿಗ್ಗೆ ನಮ್ಮ ಗಲ್ಲಿಯ ತುದಿಯಲ್ಲಿ ಹಳದಿ ಬೋರ್ಡಿನ ಬಿಳಿ ಕಾರು ಬಂದು ನಿಂತಾಗ ಅಮ್ಮ ಅದನ್ನು ನೋಡಿ ಕೈ ಮುಗಿದಳು.

ಆ ಕಾರನ್ನು ಓಡಿಸುತ್ತಿದ್ದವರು ಮಂಡ್ಯದ ಕಡೆಯವರು. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಎಲ್ಲ ಸರದಿಗಳಿಗೂ ಅವರೇ ಬಂದರು. ಎರಡು ತಿಂಗಳು ಮನೆಯ ಮುಂದೆ ನಿಂತಿದ್ದ ಕಾರನ್ನು ಹೊರಗೆ ತರುವ ಮೊದಲು ಅವರು ತಮ್ಮ ಕೈಯಿಂದ ಹಣ ಹಾಕಿ ಅದನ್ನು ಸಿದ್ಧಪಡಿಸಿಕೊಂಡಿದ್ದರು. ಮುಂದಿನ ಸೀಟುಗಳಿಗೂ ಹಿಂದಿನ ಸೀಟಿಗೂ ನಡುವೆ ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮೇಲಿನಿಂದ ಟೇಪಿನಲ್ಲಿ ಅಂಟಿಸಿ, ಪಕ್ಕಗಳಲ್ಲಿ ಸೀಟಿನ ತಲೆಯಾನಿಕೆಯ ಕಂಬಿಗೆ ಟ್ವೈನ್ ದಾರದಿಂದ ಬಿಗಿದಿದ್ದರು. ಗೇರಿನ ಪಕ್ಕದ ಗುಣಿಯಲ್ಲಿ ಸ್ಯಾನಿಟೈಸರ್ ಬಾಟಲಿ ಅಲುಗಾಡದಂತೆ ರಬ್ಬರ್ ಬ್ಯಾಂಡು ಸುತ್ತಿತ್ತು. ಸೀಟಿನಿಂದ ಬರುತ್ತಿದ್ದ ಬ್ಲೀಚಿಂಗ್ ಪುಡಿಯಂಥ ವಾಸನೆಗೆ ಅಮ್ಮನಿಗೆ ಹೊಟ್ಟೆ ತೊಳಸಿದಂತಾಗುತ್ತಿತ್ತು. ಅದನ್ನು ಗಮನಿಸಿದ ಅವರು ಮರು ಸರದಿಯಿಂದ ನಮ್ಮ ಪ್ರಯಾಣಕ್ಕೆ ಮುಂಚೆ ಹೈಪೊಕ್ಲೋರೈಟ್ ಸಿಂಪಡಿಸುವುದನ್ನು ಬಿಟ್ಟು ಬರಿಯ ಸೋಪಿನ ನೀರಿನ ಬಟ್ಟೆಯಿಂದ ಒರೆಸಿಕೊಂಡು ಬರತೊಡಗಿದರು.

ಆಗ ನಾನೂ ಸೇರಿದಂತೆ ಎಲ್ಲರೂ ಸುರಕ್ಷತೆ ಎಂದರೆ ಒರೆಸುವುದು ಎಂದೇ ತಿಳಿದಿದ್ದೆವು. ಬಾಗಿಲಿನ ಹಿಡಿಕೆ, ಸೀಟ್ ಬೆಲ್ಟಿನ ಬಕಲ್, ಗ್ಲಾಸ್ ಇಳಿಸುವ ಹಿಡಿ, ನೋಟು, ಚಿಲ್ಲರೆ, ಮೊಬೈಲು, ಎಲ್ಲವನ್ನೂ ಒರೆಸುತ್ತಿದ್ದೆವು. ಕೈ ತೊಳೆಯುವುದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೋಂಕು ತಗುಲಿದ ವಸ್ತುವನ್ನು ಒಮ್ಮೆ ಮುಟ್ಟಿದರೆ ಕೊರೋನಾ ಹರಡುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿ.ಡಿ.ಸಿ. ಹೇಳಿದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ನಾವು ಒಂದು ವರ್ಷ ಸೀಟು ಒರೆಸಿ, ಒರೆಸಿದ ಸೀಟಿನ ಮೇಲೆ ಕುಳಿತು, ಗ್ಲಾಸುಗಳನ್ನು ಏರಿಸಿ ಎ.ಸಿ. ಹಾಕಿಕೊಂಡು ಹೋಗುವ ಎಷ್ಟೋ ಕಾರುಗಳನ್ನು ಕಂಡಿದ್ದೆವು.

ಕಾರು ಬಹಳ ಚಿಕ್ಕ ಕೋಣೆ. ಅದರೊಳಗೆ ಆರು ಅಡಿಯ ಅಂತರ ಎಂಬುದೇ ಇಲ್ಲ. ಹಿಂದಿನ ಎಡತುದಿಯಲ್ಲಿ ಕುಳಿತವರಿಂದ ಬಲಗಡೆಯ ಚಾಲಕರ ಸೀಟಿಗೆ ಅಳೆದರೂ ಅಷ್ಟು ಸಿಗುವುದಿಲ್ಲ. ಸುಮ್ಮನೆ ಕುಳಿತ ಒಬ್ಬ ಮನುಷ್ಯ ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿಯನ್ನು ಒಳಗೆಳೆದು ಹೊರಬಿಡುತ್ತಾನೆ. ಮಾಗಡಿ ರಸ್ತೆಯ ವಾಹನಗಳ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತರೆ ಮೂವರೂ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಮತ್ತೆ ಮತ್ತೆ ಎಳೆದುಕೊಳ್ಳುತ್ತೇವೆ. ಎ.ಸಿ. ಹಾಕಿದರೆ ಗಾಳಿ ಬದಲಾಗುತ್ತದೆ ಎಂದು ಬಹಳ ಜನ ನಂಬುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಕಾರಿನ ಚಿತ್ರದೊಳಗೆ ಸುತ್ತಿ ಬರುವ ಬಾಣದ ಗುರುತಿರುವ ಒಂದು ಗುಂಡಿಯೋ ಸರಿಸುವ ಕಡ್ಡಿಯೋ ಇರುತ್ತದೆ. ಅದು ಆನ್ ಆಗಿದ್ದರೆ ಎ.ಸಿ.ಯು ಕಾರಿನೊಳಗಿನ ಗಾಳಿಯನ್ನೇ ಎಳೆದು, ತಂಪು ಮಾಡಿ, ಮತ್ತೆ ಒಳಗೇ ಬಿಡುತ್ತದೆ. ಬೇಗ ತಣ್ಣಗಾಗುತ್ತದೆ, ಹೊರಗಿನ ಧೂಳು ಮತ್ತು ಲಾರಿಯ ಹೊಗೆ ಬರುವುದಿಲ್ಲ ಎಂಬ ಕಾರಣಕ್ಕೆ ಬೆಂಗಳೂರಿನ ಚಾಲಕರಲ್ಲಿ ಹೆಚ್ಚಿನವರು ಅದನ್ನು ಸದಾ ಆನ್ ಇಟ್ಟಿರುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಸಾಂಕ್ರಾಮಿಕದ ಕಾಲದಲ್ಲಿ ಆಫ್ ಆಗಬೇಕಾಗಿದ್ದದ್ದು ಆ ಬಾಣವೇ.

ಗ್ಲಾಸ್ ಇಳಿಸಿ ಎಂಬ ನಿಯಮಕ್ಕೆ ಒಂದು ಪೈಸೆಯ ಖರ್ಚಿರಲಿಲ್ಲ. ಹಾಗಿದ್ದರೂ ನಮ್ಮ ಕಾರಿನಲ್ಲಿ ಅದನ್ನು ಪಾಲಿಸುವುದು ಎಲ್ಲಕ್ಕಿಂತ ಕಷ್ಟವಾಗಿದ್ದದ್ದು ಅಮ್ಮನ ಕಾರಣದಿಂದ. ಡಯಾಲಿಸಿಸ್ ಮುಗಿಸಿ ಹೊರಬಂದವಳಿಗೆ ಮೇ ತಿಂಗಳ ಮಧ್ಯಾಹ್ನದಲ್ಲಿಯೂ ನಡುಕ. ಹೋಗುವಾಗ ನಾಲ್ಕೂ ಗ್ಲಾಸುಗಳನ್ನು ಇಳಿಸಿಕೊಂಡು ಹೋಗುತ್ತಿದ್ದ ನಾವು ಬರುವಾಗ ಒಂದೊಂದಾಗಿ ಏರಿಸುತ್ತ ಬರುತ್ತಿದ್ದೆವು. "ಗ್ಲಾಸ್ ತೆಗುದ್ರೆ ಅಮ್ಮಾರ್ಗೆ ಚಳಿ ಆಯ್ತದಲ್ಲಾ ಮೇಡಂ" ಎಂದು ಚಾಲಕರು ತಾವಾಗಿಯೇ ತಮ್ಮ ಕಡೆಯ ಗ್ಲಾಸನ್ನೂ ಏರಿಸಿಬಿಡುತ್ತಿದ್ದರು. ಜೂನ್‌ನ ಮಳೆ ಶುರುವಾದ ಮೇಲಂತೂ ಕಾರು ಪೂರ್ತಿ ಮುಚ್ಚಿಕೊಂಡಿತು. ಆ ಪ್ಲಾಸ್ಟಿಕ್ ಹಾಳೆ ಮಾತ್ರ ನಡುವೆ ತೂಗಾಡುತ್ತಿತ್ತು. ಎದುರಿನಿಂದ ಕೆಮ್ಮಿದರೆ ಹಾರುವ ದೊಡ್ಡ ಹನಿಗಳನ್ನು ಅದು ತಡೆಯುತ್ತಿತ್ತು, ನಿಜ. ಆದರೆ ಅದರ ಎರಡು ಪಕ್ಕಗಳಲ್ಲಿಯೂ ಕೈ ತೂರುವಷ್ಟು ಸಂದು ಇತ್ತು, ಉಸಿರಿಗೆ ಅಷ್ಟು ಸಂದು ಧಾರಾಳವಾಯಿತು.

ದಾರಿ ಸಿಕ್ಕಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ವರ್ಗೀಸ್ ಮಥಾಯಿ, ಆಸಿಮಾಂಶು ದಾಸ್, ಕೆನೆತ್ ಬ್ರೂಯರ್ ಮೊದಲಾದವರು ಕಾರಿನೊಳಗಿನ ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ನೋಡಿದ ಅಧ್ಯಯನ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಟೊಯೊಟಾ ಪ್ರಿಯಸ್ ಮಾದರಿಯ ಕಾರು, ಒಳಗೆ ಚಾಲಕ ಮತ್ತು ಕರ್ಣರೇಖೆಯಲ್ಲಿ ಹಿಂದೆ ಕುಳಿತ ಒಬ್ಬ ಪ್ರಯಾಣಿಕ, ಗಂಟೆಗೆ 50 ಮೈಲಿ ವೇಗ. ಎಲ್ಲ ಗ್ಲಾಸುಗಳನ್ನೂ ಏರಿಸಿ ಎ.ಸಿ. ಹಾಕಿದಾಗ ಒಬ್ಬರಿಂದ ಹೊರಟ ಸೂಕ್ಷ್ಮ ಕಣಗಳಲ್ಲಿ ಸುಮಾರು 8ರಿಂದ 10 ಪ್ರತಿಶತ ಇನ್ನೊಬ್ಬರನ್ನು ತಲುಪಬಹುದೆಂದೂ, ಎಲ್ಲವನ್ನೂ ಇಳಿಸಿದಾಗ ಅದು 0.2ರಿಂದ 2 ಪ್ರತಿಶತಕ್ಕೆ ಇಳಿಯುತ್ತದೆಂದೂ ಅವರು ಕಂಡುಕೊಂಡರು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅವರು ಹೇಳಿದ ಇನ್ನೊಂದು ಮಾತು. ಎರಡೇ ಗ್ಲಾಸುಗಳನ್ನು ಇಳಿಸಲು ಸಾಧ್ಯವಿದ್ದರೆ ಅವರವರ ಪಕ್ಕದ ಗ್ಲಾಸನ್ನು ಇಳಿಸಿಕೊಳ್ಳುವುದಕ್ಕಿಂತ ಅವರವರ ಎದುರು ಪಕ್ಕದ ಗ್ಲಾಸನ್ನು ಇಳಿಸುವುದು ಮೇಲು. ಚಲಿಸುವ ಕಾರಿನಲ್ಲಿ ಗಾಳಿ ಮುಂದಿನಿಂದ ನುಗ್ಗಿ ಹಿಂದಕ್ಕೆ ಹೋಗುತ್ತದೆಂದು ನಾವು ಅಂದುಕೊಂಡಿರುತ್ತೇವೆ. ವಾಸ್ತವದಲ್ಲಿ ಮುಂದಿನ ಕಿಟಕಿಗಳ ಬಳಿ ಒತ್ತಡ ಕಡಿಮೆ, ಹಿಂದಿನವುಗಳ ಬಳಿ ಹೆಚ್ಚು, ಆದ್ದರಿಂದ ಗಾಳಿ ಹಿಂದಿನ ಕಿಟಕಿಯಿಂದ ಒಳಬಂದು ಮುಂದಿನ ಕಿಟಕಿಯಿಂದ ಹೊರಹೋಗುತ್ತದೆ. ಎದುರುಬದುರಾಗಿ ಇಳಿಸಿದ ಎರಡು ಗ್ಲಾಸುಗಳ ನಡುವೆ ಹಾಯುವ ಆ ಗಾಳಿ ಇಬ್ಬರ ನಡುವೆ ಪರದೆಯ ಹಾಗೆ ಕೆಲಸ ಮಾಡುತ್ತದೆ.

ಅವರದು ಎಡಗಡೆ ಸ್ಟಿಯರಿಂಗ್ ಇರುವ ಕಾರು, ನಮ್ಮದು ಬಲಗಡೆ. ಹಾಗಾಗಿ ನಾನು ಎಡಬಲವನ್ನು ತಿರುಗಿಸಿ ಒಂದು ಹಾಳೆಯ ಮೇಲೆ ಕಾರಿನ ಚಿತ್ರ ಬರೆದುಕೊಂಡೆ. ಅಮ್ಮ ಹಿಂದೆ ಎಡಕ್ಕೆ, ಅವಳ ಪಕ್ಕದ ಗ್ಲಾಸ್ ಮುಚ್ಚಿರಬೇಕು. ಚಾಲಕರ ಪಕ್ಕದ್ದೂ ಮುಚ್ಚಿರಬಹುದು. ಯಾರೂ ಕೂರದ ಮುಂದಿನ ಎಡಗಡೆಯ ಗ್ಲಾಸ್ ಮತ್ತು ನಾನು ಕೂರುವ ಹಿಂದಿನ ಬಲಗಡೆಯ ಗ್ಲಾಸ್ ಇಳಿದಿರಬೇಕು. ಅಧ್ಯಯನದಲ್ಲಿ ಇದ್ದವರು ಇಬ್ಬರೇ, ನಾವು ಮೂವರು; ಅವರದು 50 ಮೈಲಿ ವೇಗದ ಲೆಕ್ಕ, ವಿಜಯನಗರದ ಸಿಗ್ನಲ್ಲಿನಲ್ಲಿ ನಮ್ಮ ವೇಗ ಸೊನ್ನೆ. ಈ ವ್ಯತ್ಯಾಸಗಳು ನನಗೆ ಗೊತ್ತಿದ್ದವು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಬಾಣದ ಗುಂಡಿಯನ್ನು ಆಫ್ ಮಾಡಿ ಹೊರಗಿನ ಗಾಳಿ ಎಳೆಯುವಂತೆ ಫ್ಯಾನನ್ನು ಜೋರಾಗಿ ಬಿಡುವುದೆಂದು ಚಾಲಕರೊಡನೆ ಮಾತಾಡಿಕೊಂಡೆ. ಅವರು ಆ ಚಿತ್ರವನ್ನು ಎರಡು ನಿಮಿಷ ನೋಡಿ, ನಡುವಿನ ಪ್ಲಾಸ್ಟಿಕ್ ಹಾಳೆಗೆ ಕಟ್ಟಿದ ಒಂದು ಪಕ್ಕದ ದಾರವನ್ನು ತಾವೇ ಬಿಚ್ಚಿದರು. ಗಾಳಿ ಹಾಯಬೇಕಾದರೆ ಅದು ಅಡ್ಡ ಎಂಬುದು ನನಗಿಂತ ಮೊದಲು ಅವರಿಗೆ ಹೊಳೆದಿತ್ತು. ಹಿಂದಿನ ಗ್ಲಾಸಿನ ಹಿಡಿಯನ್ನು ತಿರುಗಿಸಿ ಮೂರು ಬೆರಳಿನಷ್ಟು ಇಳಿಸಿದೆ. ಗಾಳಿ ಬಂದು ನನ್ನ ಕಿವಿಗೆ ಬಡಿಯಿತು. ಶಾಲು ಹೊದ್ದು ಮೂಲೆಗೆ ಒರಗಿದ್ದ ಅಮ್ಮನಿಗೆ ನೇರವಾಗಿ ಬಡಿಯಲಿಲ್ಲ. ಮನೆ ತಲುಪುವವರೆಗೂ ಅವಳು ಗ್ಲಾಸ್ ಏರಿಸು ಅನ್ನಲಿಲ್ಲ.

ಚಿತ್ರ ಬರೆಯುವಾಗ ನನ್ನ ಮನಸ್ಸಿನಲ್ಲಿ ಇದ್ದವಳು ಅಮ್ಮ ಒಬ್ಬಳೇ. ಗಾಳಿ ಹಿಂದಿನಿಂದ ಮುಂದಕ್ಕೆ ಹರಿಯುತ್ತದೆ ಎಂಬ ವಾಕ್ಯವನ್ನು ಎರಡನೆಯ ಸಲ ಓದಿದಾಗ ಮಾತ್ರ, ಹಾಗಾದರೆ ನಮ್ಮ ಉಸಿರು ಹೋಗುತ್ತಿದ್ದದ್ದು ಯಾರ ಕಡೆಗೆ ಎಂಬ ಪ್ರಶ್ನೆ ಎದ್ದಿತು. ನಾವು ವಾರದಲ್ಲಿ ಆರು ಸಲ ಆ ಕಾರಿನಲ್ಲಿ ಕೂರುತ್ತಿದ್ದೆವು. ಚಾಲಕರು ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೂರುತ್ತಿದ್ದರು. ನಾವು ಆ ಒಬ್ಬರ ಜೊತೆ ಗಾಳಿ ಹಂಚಿಕೊಂಡರೆ ಅವರು ದಿನವೂ ಹತ್ತಾರು ಜನರ ಜೊತೆ ಹಂಚಿಕೊಳ್ಳುತ್ತಿದ್ದರು. 2020ರ ಜನವರಿಯ ಕೊನೆಯಲ್ಲಿ ಥಾಯ್ಲೆಂಡಿನಲ್ಲಿ ಮೊದಲ ಬಾರಿಗೆ ದೇಶದೊಳಗೇ ಸೋಂಕು ತಗುಲಿದ್ದು ದೃಢಪಟ್ಟಾಗ, ಆ ವ್ಯಕ್ತಿ ಚೀನಾಕ್ಕೆ ಹೋಗಿಯೇ ಇರದ ಒಬ್ಬ ಟ್ಯಾಕ್ಸಿ ಚಾಲಕ. ಅದೇ ವರ್ಷದ ಮೇ ತಿಂಗಳಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾವುಗಳನ್ನು ವೃತ್ತಿಗೆ ತಕ್ಕಂತೆ ವಿಂಗಡಿಸಿದಾಗ, ದುಡಿಯುವ ವಯಸ್ಸಿನ ಗಂಡಸರಲ್ಲಿ ಲಕ್ಷಕ್ಕೆ 9.9 ಇದ್ದ ಕೋವಿಡ್ ಸಾವಿನ ಪ್ರಮಾಣ ಟ್ಯಾಕ್ಸಿ ಮತ್ತು ಕಾರು ಚಾಲಕರಲ್ಲಿ 36.4 ಇತ್ತು. ಈ ಅಂಕಿಗಳು ಎಲ್ಲರ ಕಣ್ಣ ಮುಂದೆ ಇದ್ದರೂ ನಮಗೆ ಬರುತ್ತಿದ್ದ ಸಂದೇಶಗಳೆಲ್ಲ ಪ್ರಯಾಣಿಕರಿಗೆ ಧೈರ್ಯ ಹೇಳುವಂಥವೇ. ನಿಮ್ಮ ಚಾಲಕರು ಮಾಸ್ಕ್ ಧರಿಸಿದ್ದಾರೆ, ನಿಮ್ಮ ಚಾಲಕರ ಉಷ್ಣಾಂಶ ಪರೀಕ್ಷಿಸಲಾಗಿದೆ, ನಿಮ್ಮ ಕಾರನ್ನು ಸ್ಯಾನಿಟೈಸ್ ಮಾಡಲಾಗಿದೆ. ಹತ್ತುವವರ ಉಷ್ಣಾಂಶವನ್ನು ಯಾರು ಪರೀಕ್ಷಿಸಿದರು ಎಂದು ಚಾಲಕರಿಗೆ ಹೇಳುವ ಸಂದೇಶ ನಾನು ಕಂಡಂತೆ ಇರಲಿಲ್ಲ.

ಮಾಸ್ಕಿನ ವಿಷಯದಲ್ಲಿ 2020ರ ಮೇ 18ರಿಂದ ಉಬರ್ ತಂದ ನಿಯಮ ಚಾಲಕರಿಗೂ ಪ್ರಯಾಣಿಕರಿಗೂ ಒಂದೇ ಆಗಿತ್ತು, ಮಾಸ್ಕ್ ಇಲ್ಲದವರನ್ನು ಹತ್ತಿಸಿಕೊಳ್ಳದಿರುವ ಹಕ್ಕು ಚಾಲಕರಿಗೂ ಇತ್ತು. ಕಾಗದದ ಮೇಲೆ ಅದು ನ್ಯಾಯವಾದ ನಿಯಮ. ಆದರೆ ಬೆಳಿಗ್ಗೆಯಿಂದ ಕಾದು ಸಿಕ್ಕ ಎರಡನೆಯ ಬಾಡಿಗೆಯನ್ನು ಮಾಸ್ಕ್ ಮೂಗಿನ ಕೆಳಗೆ ಇಳಿದಿದೆ ಎಂಬ ಕಾರಣಕ್ಕೆ ಬಿಟ್ಟುಕೊಡಲು, ರೇಟಿಂಗ್ ಕಡಿಮೆಯಾಗುತ್ತದೆಂಬ ಭಯವಿರುವ ಯಾರಿಂದ ಆಗುತ್ತದೆ? ನಮ್ಮ ಅಮ್ಮನ ಮಾಸ್ಕೂ ಇಳಿಯುತ್ತಿತ್ತು. ಒಂದು ದಿನವೂ ನಮ್ಮ ಚಾಲಕರು ಬಾಯಿ ಬಿಟ್ಟು ಹೇಳಲಿಲ್ಲ; ಕನ್ನಡಿಯಲ್ಲಿ ನನ್ನ ಕಡೆ ನೋಡಿ ತಮ್ಮ ಮಾಸ್ಕನ್ನು ತಾವು ಒಮ್ಮೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು, ನಾನು ಅಮ್ಮನದನ್ನು ಸರಿಪಡಿಸುತ್ತಿದ್ದೆ. ಅವರು ಮೊದಲು ಹಾಕುತ್ತಿದ್ದದ್ದು ಕವಾಟವಿರುವ ಎನ್-95. ಅಂಥ ಮಾಸ್ಕ್ ಹಾಕಿದವರನ್ನು ಕಾಪಾಡಿದರೂ ಅವರು ಬಿಡುವ ಉಸಿರನ್ನು ಸೋಸದೆ ಹೊರಬಿಡುತ್ತದೆಂದು ಕೇಂದ್ರ ಆರೋಗ್ಯ ಸಚಿವಾಲಯ ಜುಲೈನಲ್ಲಿ ರಾಜ್ಯಗಳಿಗೆ ಪತ್ರ ಬರೆದ ಸುದ್ದಿ ಓದಿದ ಮೇಲೆ ನಾನು ಕವಾಟವಿಲ್ಲದ ಒಂದು ಪೊಟ್ಟಣ ತಂದುಕೊಟ್ಟೆ. ಅದನ್ನು ಕೊಡಬೇಕೆಂದು ನನಗೆ ಹೊಳೆದದ್ದು ಅಮ್ಮನಿಗೆ ಅಪಾಯ ಎಂಬ ಕಾರಣಕ್ಕೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮಾತು ಕಡಿಮೆ ಮಾಡಿ ಎಂಬ ಸಲಹೆಯೂ ಇತ್ತು. ಸುಮ್ಮನೆ ಉಸಿರಾಡುವುದಕ್ಕಿಂತ ಮಾತಾಡುವಾಗ ಕಣಗಳು ಹೆಚ್ಚು ಹೊರಬರುತ್ತವೆ, ದನಿ ಏರಿದಷ್ಟೂ ಹೆಚ್ಚು. ಅಮ್ಮನಿಗೆ ಅದನ್ನು ಹೇಳಲು ನನ್ನಿಂದ ಆಗಲಿಲ್ಲ. ಆ ದಿನಗಳಲ್ಲಿ ಮನೆಯವರನ್ನೂ ನರ್ಸ್‌ಗಳನ್ನೂ ಬಿಟ್ಟರೆ ಅವಳು ಮಾತಾಡುತ್ತಿದ್ದದ್ದು ನಮ್ಮ ಚಾಲಕರ ಜೊತೆಗೆ ಮಾತ್ರ. "ಊರಲ್ಲಿ ಮಳೆ ಆಯ್ತೇನಪ್ಪ?" ಎಂದು ಅವಳು ಕೇಳದ ಸರದಿಯಿಲ್ಲ.

ಸೀಟು ಹಂಚಿಕೊಳ್ಳುವ ಓಲಾ ಶೇರ್, ಉಬರ್ ಪೂಲ್ ಸೇವೆಗಳು ಮಾರ್ಚ್ ತಿಂಗಳಲ್ಲಿಯೇ ನಿಂತವು, ನಿಲ್ಲಬೇಕಾದದ್ದೇ. ಅಪರಿಚಿತರಾದ ಮೂವರು ಬೇರೆ ಬೇರೆ ಕಡೆ ಹತ್ತಿ ಬೇರೆ ಬೇರೆ ಕಡೆ ಇಳಿಯುವ ಕಾರನ್ನು ಸಾಂಕ್ರಾಮಿಕದ ನಡುವೆ ಓಡಿಸುವುದು ಸರಿಯಲ್ಲ. ಆದರೆ ನಗರದಲ್ಲಿ ಹಂಚಿಕೊಳ್ಳುವುದು ಅನುಕೂಲದ ಮಾತಾದರೆ ಹಳ್ಳಿಗಳಲ್ಲಿ ಅದಿಲ್ಲದೆ ಪ್ರಯಾಣವೇ ಇಲ್ಲ. ಉತ್ತರ ಕರ್ನಾಟಕದ ಕ್ರೂಸರ್ ಮತ್ತು ಟಂಟಂಗಳನ್ನು, ಮಲೆನಾಡಿನ ಸರ್ವಿಸ್ ಜೀಪುಗಳನ್ನು ಕಂಡವರಿಗೆ ಚಾಲಕರ ಜೊತೆಗೆ ಮೂವರು ಎಂಬ ನಿಯಮ ಅಲ್ಲಿ ಎಷ್ಟು ದಿನ ನಿಲ್ಲುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಹತ್ತು ಜನರ ಚಾರ್ಜಿನಿಂದ ಡೀಸೆಲ್ ತುಂಬುವ ಗಾಡಿ ಮೂವರ ಚಾರ್ಜಿನಿಂದ ಓಡಬೇಕಾದರೆ ಉಳಿದ ಏಳು ಸೀಟುಗಳ ಹಣವನ್ನು ಯಾರಾದರೂ ಕೊಡಬೇಕು. ನಿಯಮ ಬರೆದವರು ಅದನ್ನು ಬರೆಯಲಿಲ್ಲ. ಆದ್ದರಿಂದ ಒಂದೋ ಗಾಡಿ ನಿಂತಿತು, ಇಲ್ಲವೇ ನಿಯಮ ಮುರಿಯಿತು. ಗ್ಲಾಸಿಲ್ಲದ, ಎರಡೂ ಪಕ್ಕ ತೆರೆದ ಆಟೊರಿಕ್ಷಾವೇ ಗಾಳಿಯ ದೃಷ್ಟಿಯಿಂದ ಎಲ್ಲಕ್ಕಿಂತ ಕಡಿಮೆ ಅಪಾಯದ್ದು, ಎ.ಸಿ. ಟ್ಯಾಕ್ಸಿ ಹೆಚ್ಚು ಅಪಾಯದ್ದು ಎಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಭಾರತದ ವಾಹನಗಳನ್ನು ಹೋಲಿಸಿ ಬರೆದರು. ಆದರೆ ನಮ್ಮಲ್ಲಿ ಆಟೊ ಚಾಲಕರಿಗೂ ಕಾರಿನವರಿಗೂ ಒಂದೇ ಸಂಖ್ಯೆಯ ನಿಯಮವಿತ್ತು, ಗಾಳಿಯನ್ನು ನೋಡಿ ಬರೆದ ನಿಯಮವಿರಲಿಲ್ಲ.

ದುಡ್ಡಿನ ವಿಷಯವನ್ನು ಹೇಳದೆ ಸುರಕ್ಷತೆಯ ವಿಷಯ ಪೂರ್ತಿಯಾಗುವುದಿಲ್ಲ. 2020ರ ಮೇ 6ರಂದು ರಾಜ್ಯ ಸರ್ಕಾರ ಪ್ರಕಟಿಸಿದ 1,610 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ 7.75 ಲಕ್ಷ ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ ತಲಾ 5,000 ರೂಪಾಯಿ ಎಂದಿತ್ತು. ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಪಡೆಯಬೇಕಿತ್ತು. ಮರುವರ್ಷ ಅದು 3,000 ಆಯಿತು. ರಿಸರ್ವ್ ಬ್ಯಾಂಕ್ 2020ರ ಆಗಸ್ಟ್‌ವರೆಗೆ ಸಾಲದ ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟಿತ್ತು, ಆದರೆ ಮುಂದೂಡಿದ ಕಂತಿನ ಮೇಲೆ ಬಡ್ಡಿ ಬೆಳೆಯುತ್ತಲೇ ಇತ್ತು. ನಮ್ಮ ಚಾಲಕರ ಕಾರಿನ ಕಂತೇ ತಿಂಗಳಿಗೆ ಹನ್ನೊಂದು ಸಾವಿರ. ಗಂಟಲು ಕೆರೆಯುತ್ತಿರುವ ಬೆಳಿಗ್ಗೆ ಗಾಡಿ ತೆಗೆಯಬಾರದು ಎಂಬ ನಿಯಮವನ್ನು, ಆ ದಿನದ ದುಡಿಮೆಯನ್ನು ಕಟ್ಟಿಕೊಡದೆ, ಅವರ ಮೇಲೆ ಹೇರುವ ಅಧಿಕಾರ ನಮಗೆ ಎಲ್ಲಿಂದ ಬಂತು ಎಂದು ನನಗೆ ಈಗಲೂ ಅರ್ಥವಾಗುವುದಿಲ್ಲ.

2021ರ ಏಪ್ರಿಲ್‌ನ ಮೂರನೆಯ ವಾರ, ರಾಜ್ಯದಲ್ಲಿ ಎರಡನೆಯ ಲಾಕ್‌ಡೌನ್ ಬರುವ ಕೆಲವು ದಿನಗಳ ಮೊದಲು, ಒಂದು ಬುಧವಾರ ರಾತ್ರಿ ಅವರ ಫೋನ್ ಬಂತು. ದನಿ ಒಡೆದಿತ್ತು. "ಮೇಡಂ, ನಂಗೆ ಪಾಸಿಟಿವ್ ಬಂದದೆ. ನಾಳೆಗೆ ಬೇರೆ ಗಾಡಿ ನೋಡ್ಕಳಿ. ಅಮ್ಮಾರ್ಗೆ ಒಂದ್ಸಲಿ ಟೆಸ್ಟ್ ಮಾಡ್ಸಿ, ಮರಿಬ್ಯಾಡಿ." ಸೋಂಕು ಯಾರಿಂದ ಬಂತೆಂದು ಅವರಿಗೆ ಗೊತ್ತಿರಲಿಲ್ಲ, ಹಿಂದಿನ ವಾರ ಹತ್ತಿಸಿಕೊಂಡ, ದಾರಿಯುದ್ದಕ್ಕೂ ಕೆಮ್ಮುತ್ತಿದ್ದ ಒಬ್ಬರ ಬಗ್ಗೆ ಅನುಮಾನವಿತ್ತು. ಯಾವ ಕಾರಿನಲ್ಲಿ ಯಾರು ಎಷ್ಟು ಹೊತ್ತಿಗೆ ಹತ್ತಿದರು, ಎಲ್ಲಿ ಇಳಿದರು ಎಂಬುದೆಲ್ಲ ಬುಕಿಂಗಿನಲ್ಲಿ ನಮೂದಾಗಿರುತ್ತದೆ. ಆ ಪ್ರಯಾಣಿಕರಿಗೆ ಮುಂದೆ ಪಾಸಿಟಿವ್ ಬಂದಿತೋ ಇಲ್ಲವೋ ಎಂಬುದನ್ನು ಅವರಿಗೆ ತಿಳಿಸಿದವರು ಯಾರೂ ಇಲ್ಲ. ತಮಗೆ ಬಂದ ಕೂಡಲೇ ಫೋನ್ ಮಾಡಿ ನಮಗೆ ತಿಳಿಸಿದವರು ಅವರು. ಆ ವಾರ ತಮ್ಮ ಕಾರಿನಲ್ಲಿ ಕುಳಿತಿದ್ದವರಲ್ಲಿ ನಂಬರ್ ಇದ್ದ ಎಲ್ಲರಿಗೂ ಅವರು ಹಾಗೆಯೇ ಫೋನ್ ಮಾಡಿದ್ದರಂತೆ. ಕೆಲವರು ಬೈದರಂತೆ.

ಅಮ್ಮನಿಗೂ ನನಗೂ ನೆಗೆಟಿವ್ ಬಂತು. ಗ್ಲಾಸಿನಿಂದ ಬಂತೋ, ಮಾಸ್ಕಿನಿಂದಲೋ, ಸುಮ್ಮನೆ ಬಂದ ಪುಣ್ಯವೋ ಹೇಳಲಾರೆ. ಅವರ ಮನೆ ಒಂದೇ ಕೋಣೆಯದು, ಎರಡು ಚಿಕ್ಕ ಮಕ್ಕಳು. ಹಾಗಾಗಿ ಜ್ವರವಿದ್ದ ಮೊದಲ ಐದು ರಾತ್ರಿ ಅವರು ಮನೆಯ ಮುಂದೆ ನಿಲ್ಲಿಸಿದ ಅದೇ ಕಾರಿನ ಹಿಂದಿನ ಸೀಟಿನಲ್ಲಿ, ನಾನೂ ಅಮ್ಮನೂ ಕೂರುತ್ತಿದ್ದ ಜಾಗದಲ್ಲಿ ಮಲಗಿದರು. ಊಟವನ್ನು ಬಾನೆಟ್ಟಿನ ಮೇಲೆ ಇಟ್ಟು ಹೋಗುತ್ತಿದ್ದರಂತೆ. ಮೇ ತಿಂಗಳ ಕೊನೆಗೆ ರಾಜ್ಯ ಸರ್ಕಾರ 18ರಿಂದ 44 ವಯಸ್ಸಿನವರಲ್ಲಿ ಆಟೊ ಮತ್ತು ಕ್ಯಾಬ್ ಚಾಲಕರನ್ನೂ ಲಸಿಕೆಯ ಆದ್ಯತೆಯ ಪಟ್ಟಿಗೆ ಸೇರಿಸಿದಾಗ ನಾನು ಆ ಸುದ್ದಿಯನ್ನು ಅವರಿಗೆ ಕಳಿಸಿದೆ. ಅವರು ಅದಕ್ಕೆ ಉತ್ತರವಾಗಿ, ಅಮ್ಮನಿಗೆ ಎರಡನೆಯ ಡೋಸ್ ಆಯಿತೇ ಎಂದು ಕೇಳಿದರು.

ಜೂನ್‌ನಲ್ಲಿ ಟ್ಯಾಕ್ಸಿಗಳಿಗೆ ಮತ್ತೆ ಇಬ್ಬರು ಪ್ರಯಾಣಿಕರ ಮಿತಿಯೊಂದಿಗೆ ಅನುಮತಿ ಸಿಕ್ಕಿತು. ಮೊದಲ ಸರದಿಗೆ ಅವರು ಬಂದಾಗ ಬಹಳ ಇಳಿದುಹೋಗಿದ್ದರು, ನಡುವಿನ ಪ್ಲಾಸ್ಟಿಕ್ ಹಾಳೆ ಇರಲಿಲ್ಲ. ಅಮ್ಮನನ್ನು ಎಡಕ್ಕೆ ಕೂರಿಸಿ ನಾನು ಬಲಕ್ಕೆ ಬಂದು ಕುಳಿತೆ. ಅಂದು ನಾನು ಮೂರು ಬೆರಳಿಗೆ ನಿಲ್ಲಿಸದೆ ಗ್ಲಾಸನ್ನು ಪೂರ್ತಿ ಇಳಿಸಿದೆ. ಮುಂದಿನ ಎಡಗಡೆಯದನ್ನೂ ಪೂರ್ತಿ ಇಳಿಸಿ ಎಂದು ಅವರಿಗೆ ಹೇಳಿದೆ. "ಅಮ್ಮಾರ್ಗೆ ಚಳಿ" ಎಂದು ಅವರು ಶುರುಮಾಡುವಷ್ಟರಲ್ಲಿ ಅಮ್ಮ ಶಾಲನ್ನು ತಲೆಯ ಮೇಲೆಳೆದುಕೊಂಡು, "ಇರ್ಲಿ ಬಿಡಪ್ಪ, ನಿಂಗೆ ಗಾಳಿ ಬೇಕು" ಅಂದಳು.